ಮಾವನ ಹೆಸರಿಗೆ ನಿಯಾನ್ ಬೆಳಕು

ಮಾವನವರ ಶ್ರದ್ಧಾಂಜಲಿ ಬ್ಯಾನರನ್ನು ನಾನೇ ಮಾಡುತ್ತೇನೆ ಎಂದು ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾವಿನ ಮನೆಯಲ್ಲವೇ, ಒಳಗೊಳಗೇ ತಟ್ಟಿಕೊಂಡಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಫೋಟೋ ತಿದ್ದುವ ಸಾಫ್ಟ್‌ವೇರನ್ನು ವೀಡಿಯೋ ನೋಡಿ ನೋಡಿಯೇ ಅರೆದು ಕುಡಿದ ಮಹಾನುಭಾವ ನಾನು! ನಮ್ಮ ಆಫೀಸಿನ ಕ್ಯಾಷಿಯರನ ಬೋಳುತಲೆಯ ಮೇಲೆ ಸೊಂಪಾಗಿ ಕೂದಲು ಬೆಳೆಸಿದ ಕೈ ಇದು. ಇಂಥ ಅಳಿಯ ಮನೆಯಲ್ಲೇ ಇರುವಾಗ ಮಾವನನ್ನು ಪ್ರಿಂಟಿಂಗ್ ಅಂಗಡಿಯವನ ಕೈಗೆ ಒಪ್ಪಿಸುವುದುಂಟೇ?

ಅತ್ತು ಅತ್ತು ದನಿ ಕಟ್ಟಿಹೋಗಿದ್ದ ಹೆಂಡತಿ ಕೇಳಿದ್ದು ಬಹಳ ಕಡಿಮೆ. ಫೋಟೋ ಇರಲಿ, ಕೆಳಗೆ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ ಇರಲಿ, ಅಷ್ಟೇ ಎಂದಳು. ನಾವೇನು ಗುರುತಿನ ಚೀಟಿ ಮಾಡಿಸುತ್ತಿದ್ದೇವೆಯೇ ಎಂದು ನಾನು ಹುಬ್ಬು ಹಾರಿಸಿದೆ.

"ರೀ, ನಿಮ್ಮ ಕೈಚಳಕ ಇದರಲ್ಲಿ ತೋರಿಸ್ಬೇಡಿ. ಅಪ್ಪ ಕಾಣಿಸಿದ್ರೆ ಸಾಕು."

ಅವಳು ಹಾಗೆ ಹೇಳಲು ಕಾರಣವಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ, ಎಂಜಿನ್ ಸದ್ದಿಗೆ ಒಂದು ಕಿವಿ ಕೆಡಿಸಿಕೊಂಡಿದ್ದ ಮಾವನವರಿಗೆ ಕ್ಯಾಮೆರಾ ಕಂಡರಾಗುತ್ತಿರಲಿಲ್ಲ. ಇದ್ದಬದ್ದ ಫೋಟೋಗಳಲ್ಲೆಲ್ಲ ಒಂದೋ ಬಸ್ಸಿನಡಿಯಿಂದ ಕಾಲು ಮಾತ್ರ ಹೊರಚಾಚಿದ್ದಾರೆ, ಇಲ್ಲವೇ ಮುಖಕ್ಕೆ ಅಂಗೈ ಅಡ್ಡ ಹಿಡಿದಿದ್ದಾರೆ. ಮದುವೆಯ ಫೋಟೋದಲ್ಲೂ ಏನೋ ಬೀಳಿಸಿಕೊಂಡವರಂತೆ ನೆಲ ಹುಡುಕುತ್ತಿದ್ದಾರೆ. ಮುಖ ಕೊಟ್ಟು ನಕ್ಕದ್ದು ಒಂದೇ ಒಂದು ಸಲ. ಕಾಯಿಲೆ ಬಿದ್ದ ಮೇಲೆ ಬಾಲ್ಕನಿಯಲ್ಲಿ ಬಿಸಿಲಿಗೆ ಕೂತಿದ್ದಾಗ ನನ್ನ ಹೆಂಡತಿ ಫೋಟೋಕ್ಕೆಂದು ಫೋನೆತ್ತಿದಳು, ಯಾಕೋ ಏನೋ, ಆವತ್ತು ನಕ್ಕುಬಿಟ್ಟರು. ಆ ಫೋನು ಆಮೇಲೆ ಬಕೆಟ್ಟಿಗೆ ಬಿದ್ದು ಮಾವನಿಗಿಂತ ಮೊದಲೇ ಪ್ರಾಣ ಬಿಟ್ಟಿತು. ಅಷ್ಟರೊಳಗೆ ನನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದ ಒಂದು ಪ್ರತಿ ಉಳಿದಿತ್ತು. ಅಲ್ಲಿ ಬಿಟ್ಟರೆ ಆ ನಗು ಈ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ.

ಅದನ್ನೇ ತೆರೆದು ಕೂತೆ. ಮಾವನವರ ಹೆಸರನ್ನು ದಪ್ಪಕ್ಷರದಲ್ಲಿ ಟೈಪಿಸಿದೆ. ಅಂಗಡಿಗಳ ಮೇಲೆ ಗಾಜಿನ ಕೊಳವೆ ಬಗ್ಗಿಸಿ ದೀಪ ಹೊತ್ತಿಸುತ್ತಾರಲ್ಲ, ಆ ನಿಯಾನ್ ಅಕ್ಷರ ಮಾಡುವುದು ನನ್ನ ಸಂಕಲ್ಪ. ಒಳಗೆ ಬಿಳಿ ಗೆರೆ ಎಳೆದೆ, ಅಂಚಿಗೆ ಗುಲಾಬಿ ಪ್ರಭೆ ಕೊಟ್ಟೆ, ಅದರಾಚೆ ನೀಲಿ ಪ್ರಭೆ ಹರಡಿದೆ. ಆದರೂ ಅಕ್ಷರ ಹೊಳೆಯಲೊಲ್ಲದು. ಹಿಂದೆ ಬಿಳಿ ಗೋಡೆ, ಮೇಲೆ ಕಣ್ಣು ಕುಕ್ಕುವ ಬಿಸಿಲು, ಹೊಳೆಯುವುದಾದರೂ ಹೇಗೆ? ವೀಡಿಯೋ ಗುರುಗಳ ಮೊರೆಹೊಕ್ಕೆ. ಕತ್ತಲಿಲ್ಲದೆ ನಿಯಾನ್ ಇಲ್ಲ, ಹಿಂದಿರುವುದನ್ನು ಕಪ್ಪು ಮಾಡಿ ಎಂದು ಅಪ್ಪಣೆಯಾಯಿತು.

ಬೆಳಕು ತಗ್ಗಿಸಿದೆ. ಗೋಡೆ ಕಂದಿತು, ಹೆಸರು ಕಣ್ಣು ಬಿಟ್ಟಿತು. ಇನ್ನಷ್ಟು ತಗ್ಗಿಸಿದೆ. ಬಿಸಿಲು ಆರಿತು, ಹೆಸರು ಮಿನುಗಿತು. ನನಗೆ ಆವೇಶ ಬಂದಿತ್ತು. ಮತ್ತೂ ತಗ್ಗಿಸಿದೆ ನೋಡಿ, ಹೆಸರು ಧಗಧಗನೆ ಉರಿಯತೊಡಗಿತು! ಮಾವನವರು ಸ್ವಲ್ಪ ಮಸುಕಾದರು ಎನ್ನಿಸಿತಾದರೂ, ಮುಖ ಎಲ್ಲಿದೆಯೆಂದು ಗೊತ್ತಿದ್ದ ನನ್ನ ಕಣ್ಣಿಗೆ ಅದು ಕಾಣುತ್ತಲೇ ಇತ್ತು. ಉಳಿಸಲು ಹೋದಾಗ, ಇದೇ ಹೆಸರಿನ ಚಿತ್ರವೊಂದು ಆಗಲೇ ಇದೆ, ಅದರ ಜಾಗದಲ್ಲಿ ಇದನ್ನಿಡಲೇ ಎಂದು ಕಂಪ್ಯೂಟರು ವಿನಯದಿಂದ ಕೇಳಿತು. ಇಡಪ್ಪಾ, ಹಳೆಯದನ್ನು ಯಾರು ನೋಡುತ್ತಾರೆ ಎಂದು ಒತ್ತಿ, ಸಾಫ್ಟ್‌ವೇರ್ ಮುಚ್ಚಿ, ಚಿತ್ರವನ್ನು ಮುದ್ರಣಕ್ಕೆ ಕಳಿಸಿ, ಮೈ ಮುರಿದೆದ್ದೆ.

ಬ್ಯಾನರ್ ಮುದ್ರಿಸುವವನಿಂದ ಫೋನು ಬಂತು. ಬರೀ ಹೆಸರು ಬಂದಿದೆ, ಫೋಟೋ ಹಾಕುವುದು ಮರೆತಿರಾ ಎಂದು ಕೇಳಿದ. ನಾನು ನಕ್ಕು, ಪರದೆಯ ಬೆಳಕು ಹೆಚ್ಚಿಸಿ ನೋಡಲು ಹೇಳಿದೆ.

"ಪರದೆಗೇನೋ ಹೆಚ್ಚಿಸ್ಬೋದು ಸಾರ್. ಬಟ್ಟೆಗೆ ಏನ್ ಮಾಡ್ಲಿ?"

ಕಲೆಯ ಗಂಧಗಾಳಿಯಿಲ್ಲದವನ ಜೊತೆ ವಾದವೇನು ಎಂದುಕೊಂಡು, ಹೇಳಿದಷ್ಟು ಮಾಡಿ ಎಂದೆ. ಪಾಪ, ಅಷ್ಟನ್ನೇ ಮಾಡಿದ.

ಡಿಪೋದ ಹಾಲಿನಲ್ಲಿ ಸಭೆ. ಡ್ರೈವರುಗಳು, ಕಂಡಕ್ಟರುಗಳು, ಕೈಗೆ ಗ್ರೀಸು ಮೆತ್ತಿದ ಮೆಕ್ಯಾನಿಕ್ಕುಗಳು ಗುಂಪುಗುಂಪಾಗಿ ನಿಂತಿದ್ದರು. ಮುಂದಿನ ಕುರ್ಚಿಯಲ್ಲಿ ಅತ್ತೆ. ಭಾವಮೈದುನ ಮೇಜು ಹತ್ತಿ ಬ್ಯಾನರ್ ಬಿಚ್ಚಿದ. ಕಡುಕಪ್ಪು ಬಟ್ಟೆ, ಅದರ ನಡುವೆ ಗುಲಾಬಿ ನೀಲಿಯಲ್ಲಿ ಕುಣಿಯುವ ಮಾವನವರ ಹೆಸರು. ಮಾವ ಎಲ್ಲೂ ಇಲ್ಲ. ಬಾಗಿಲ ಬಳಿ ಆಗಷ್ಟೇ ಡ್ಯೂಟಿ ಮುಗಿಸಿ ಬಂದ ಡ್ರೈವರೊಬ್ಬ, ಹೊಸ ಬಾರು ಎಲ್ಲಿ ತೆಗೆಯುತ್ತಿದ್ದಾರೆ ಎಂದು ಪಕ್ಕದವನನ್ನು ವಿಚಾರಿಸಿದ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯನ ಹೆಸರಿಗೆ ಬಂದ ಗತಿ ನೋಡಿ! ಡಿಪೋ ಮ್ಯಾನೇಜರು ಭಾಷಣ ಶುರುಮಾಡಿ, "ಈ ನಗುಮುಖವನ್ನು ಒಮ್ಮೆ ನೋಡಿ" ಎಂದು ಕೈ ಚಾಚಿ ತಿರುಗಿದರು. ತಿರುಗಿದವರು ಹಾಗೇ ನಿಂತರು. ಕೊನೆಗೆ ಅವರೇ ಮೌನಾಚರಣೆ ಎಂದುಬಿಟ್ಟರು. ಎಲ್ಲರೂ ಕತ್ತಲೆಯ ಮುಂದೆ ತಲೆ ತಗ್ಗಿಸಿದರು.

ಅತ್ತೆ ಮಾತ್ರ ಎದ್ದು ಹೋಗಿ ಬಟ್ಟೆಯನ್ನು ತಡವಿ ತಡವಿ ನೋಡಿದರು. ತಮ್ಮ ಕಣ್ಣಿನದೇ ದೋಷವೆಂದುಕೊಂಡು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅದನ್ನು ನೋಡಲಾಗದೆ ನಾನು ಗೋಡೆಯತ್ತ ತಿರುಗಿದೆ. ಹೆಂಡತಿ ನನ್ನ ತೋಳು ಹಿಡಿದು, ಮೊದಲಿನ ಫೋಟೋ ಇದೆ ತಾನೇ ಎಂದು ಪಿಸುಗುಟ್ಟಿದಳು. ನಾನು ಗೋಡೆಯಿಂದ ಕಣ್ಣು ಕೀಳಲಿಲ್ಲ. ಅವಳ ಕೈ ತಾನಾಗಿ ಜಾರಿತು.

ಮನೆಗೆ ಬಂದವನೇ ಕಂಪ್ಯೂಟರಿನ ಮುಂದೆ ಕೂತೆ. ಕಲಿತ ವಿದ್ಯೆಯನ್ನೆಲ್ಲ ತಿರುವುಮುರುವು ಮಾಡಿ ಬೆಳಕು ಏರಿಸಿದೆ. ಕಪ್ಪಿದ್ದದ್ದು ಬೂದಿಯಾಯಿತೇ ಹೊರತು ಮುಖವಾಗಲಿಲ್ಲ. ಕಣ್ಣಿಲ್ಲ, ನಗುವಿಲ್ಲ. ಬಿಸಿಲು ಹೆಚ್ಚು ಬಿದ್ದಿದ್ದ ಕಡೆ ಕಷ್ಟಪಟ್ಟು ಒಂದು ಕಿವಿ ಎದ್ದು ಬಂತು. ನನ್ನ ಕಲೆಗೆ ಬದುಕಿ ಉಳಿದ ಮಾವನವರು ಅಷ್ಟೇ.

"ಅಪ್ಪ ಹೋದ್ಮೇಲೂ ಆ ನಗು ಇತ್ತು ನಂಗೆ," ಎಂದಳು ಹೆಂಡತಿ. "ಅದನ್ನೂ ನೀವೇ ಕಳಿಸಿಕೊಟ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ನನಗೇ ಅಳು ಬಂತು. ಅಳುವ ಹಕ್ಕೂ ಈಗ ನನಗಿಲ್ಲ ಅನ್ನಿಸಿ ನುಂಗಿಕೊಂಡೆ.

ಅಷ್ಟರಲ್ಲಿ ಅತ್ತೆ ಬಂದು ಕುರ್ಚಿ ಎಳೆದು ಕೂತರು. ಪರದೆಯ ಮೇಲಿದ್ದ ಆ ಕಿವಿಯನ್ನು ಬಹಳ ಹೊತ್ತು ನೋಡಿದರು, ಬೆರಳಿನಿಂದ ಒಮ್ಮೆ ಸವರಿದರು. ಇದು ಅವರದೇ ಎಂದರು. ಆಮೇಲೆ ಎದ್ದು ನನಗೆ ಜಾಗ ಬಿಟ್ಟರು.

"ಬನ್ನಿ. ಏನ್ ಮಾಡಿದ್ರಿ ಅಂತ ನೀವೇ ಅವರಿಗೆ ಒಂದು ಮಾತು ಹೇಳ್ಬಿಡಿ."

ತಮಾಷೆಯಿರಬಹುದೆಂದು ಮುಖ ನೋಡಿದೆ. ತಮಾಷೆಯ ಮುಖವಲ್ಲ ಅದು. ಹೆಂಡತಿಯೂ ಕಾಯುತ್ತಿದ್ದಳು. ಬೇರೆ ದಾರಿ ಕಾಣದೆ ಪರದೆಯ ಹತ್ತಿರ ಬಗ್ಗಿ, ಮಾವ, ತಪ್ಪಾಯಿತು ಎಂದು ಗೊಣಗಿದೆ.

"ಇನ್ನೂ ಜೋರಾಗಿ ಹೇಳಿ," ಎಂದರು ಅತ್ತೆ. "ನೀವು ಉಳಿಸಿರೋದು ಅವರ ಕೇಳಿಸದ ಕಿವಿ."