ಇಲಿಗೆ ಆರಾಮಾತೇನವಾ?

ಹೊರಗೆ ಹೇಳಿಕೊಳ್ಳಲಾಗದ ಉದ್ಯೋಗಗಳು ಲೋಕದಲ್ಲಿ ಎಷ್ಟೋ ಇರಬಹುದು. ನನ್ನದು ಮನೆಯಲ್ಲೇ ಹೇಳಿಕೊಳ್ಳಲಾಗದ್ದು. ಪುಣೆಯ ಒಂದು ಪ್ರಯೋಗಾಲಯದಲ್ಲಿ ನಾನು ಇಲಿಗಳಿಗೆ ಸದ್ದು ಕೇಳಿಸುತ್ತೇನೆ. ಇಲಿಯ ತಲೆಗೆ ಕೂದಲೆಳೆಯಂಥ ತಂತಿ, ಎದುರಿಗೊಂದು ಪುಟ್ಟ ಸ್ಪೀಕರು. ಟಿಕ್, ಟಿಕ್ ಎಂದು ಒಂದೇ ಸದ್ದು ಬರುತ್ತಿದ್ದು ನಡುವೆ ಥಟ್ಟನೆ ಟೊಂಯ್ ಎಂದರೆ ಆರೋಗ್ಯವಂತ ಮಿದುಳು ಬೆಚ್ಚುತ್ತದೆ, ಕಂಪ್ಯೂಟರಿನ ಗೆರೆ ಕುಣಿಯುತ್ತದೆ. ಕೆಲವು ಮನೋರೋಗಗಳಲ್ಲಿ ಈ ಬೆಚ್ಚುವಿಕೆ ಮಂಕಾಗುತ್ತದೆ. ಮುಂದೆ ಹೊಸ ಮದ್ದುಗಳನ್ನು ಪರೀಕ್ಷಿಸಲು ಅನುಕೂಲವಾಗಲೆಂದು ನಾವು ಇಲಿಗೆ ಔಷಧ ಚುಚ್ಚಿ ಅದರ ಮಿದುಳನ್ನೂ ಹಾಗೇ ಮಂಕು ಮಾಡಲು ನೋಡುತ್ತೇವೆ. ಅಂದರೆ, ಕಣ್ಣು ಸವೆಯುವಷ್ಟು ಓದಿ ನಾನು ಕಲಿತ ವಿದ್ಯೆ ಚೆನ್ನಾಗಿರುವ ಇಲಿಯನ್ನು ಕೆಡಿಸುವುದು!

ಇದನ್ನು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಕಾರಣ, ನನ್ನ ತಮ್ಮ ಗಿರೀಶ. ಊರಂಚಿನ ವಾಕಡ ಬಡಾವಣೆಯ ನಮ್ಮ ಫ್ಲ್ಯಾಟಿನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಇಲ್ಲದವರ ದನಿಗಳು ಅವನಿಗೆ ಕೇಳಿಸುತ್ತವೆ. ಗುಳಿಗೆ ಬದಲಿಸಿ ಬದಲಿಸಿ ಡಾಕ್ಟರರೇ ಸುಸ್ತಾಗಿದ್ದಾರೆ. "ನಮ್ಮ ಲ್ಯಾಬಿನ್ಯಾಗ ಇಲಿಗೋಳ ಮ್ಯಾಲೆ ಇದೇ ಬ್ಯಾನಿ ಸಂಶೋಧನಾ ನಡದದ" ಎಂದು ನಾನೊಮ್ಮೆ ಅಂದಿದ್ದೇ ತಡ, ಇಲಿಗಳಿಗೆ ಕಾಯಿಲೆ ಬಂದಿದೆ, ಮಗಳು ವಾಸಿ ಮಾಡುತ್ತಿದ್ದಾಳೆ ಎಂದು ಅವ್ವ ತೀರ್ಮಾನಿಸಿಬಿಟ್ಟಳು. ಸಂಜೆ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ.

"ಇಲಿಗೆ ಆರಾಮಾತೇನವಾ?"

"ಇನ್ನೂ ಇಲ್ಲವ್ವಾ."

"ಪಾಪ, ಉಣ್ಣಾಕರ ಛಲೋ ಹಾಕ್ತಾರಿಲ್ಲೋ?"

ಇಂದು ಇಲಿಗೆ ಆರಾಮಾದರೆ ನಾಳೆ ಗಿರೀಶನಿಗೆ ಎಂಬುದು ಅವಳ ನಂಬಿಕೆ. ಜೇಜುರಿಗೆ ಹೋಗಿ ಖಂಡೋಬನಿಗೆ ಇಬ್ಬರ ಹೆಸರಿನಲ್ಲೂ ಹರಕೆ ಹೊತ್ತು ಬಂದಳು. "ಅದರ ಹಣಿಗೆ ಹಚ್ಚು" ಎಂದು ಒಂದು ಪೊಟ್ಟಣ ಭಂಡಾರ ಕೊಟ್ಟಳು. ಆ ಅರಿಶಿನದ ಪುಡಿ ಬ್ಯಾಗಿನಲ್ಲಿ ಒಡೆದು ನನ್ನ ಬಿಳಿ ಕೋಟು ಮದುವಣಗಿತ್ತಿಯ ಸೀರೆಯಂತಾಯಿತು. ಪ್ರಯೋಗಾಲಯದ ಮುಖ್ಯಸ್ಥರು ಇದೇನೆಂಬಂತೆ "ಹೇ ಕಾಯ್?" ಎಂದು ಹುಬ್ಬೇರಿಸಿದರು. ಊಟದ ಡಬ್ಬಿ ಸೋರಿತು ಎಂದೆ.

ಹೋದ ತಿಂಗಳು ಮುಖ್ಯ ಪ್ರಯೋಗ. ಔಷಧ ಚುಚ್ಚಿದೆವು, ಟೊಂಯ್ ಅನ್ನಿಸಿದೆವು. ಒಂದು ಇಲಿಯೂ ಮಂಕಾಗಲಿಲ್ಲ! ಎಲ್ಲ ಗೆರೆಗಳೂ ಕುಣಿದವು. ಮುಖ್ಯಸ್ಥರು "ಸಗಳಂ ಫುಕಟ್ ಗೇಲಂ" ಎಂದು ತಲೆಯ ಮೇಲೆ ಕೈಹೊತ್ತು ಕೂತರು. ವರ್ಷಗಳ ದುಡಿಮೆ ನೀರುಪಾಲು. ಗಿರೀಶನಿಗೆ ಎಂದಾದರೂ ಒಂದು ಹೊಸ ಮದ್ದು ಬಂದೀತೆಂದು ನಾನೂ ಒಳಗೊಳಗೇ ನಂಬಿದ್ದೆ ಎನ್ನುವುದು ಆಗಲೇ ನನಗೆ ಗೊತ್ತಾದದ್ದು. ಶೌಚಾಲಯಕ್ಕೆ ಹೋಗಿ ಅತ್ತೆ. ಹಿಂದಿರುಗಿದಾಗ ಇಲಿಗಳು ಮೀಸೆ ತೀಡಿಕೊಳ್ಳುತ್ತಿದ್ದವು.

ಮನೆಗೆ ಬಂದರೆ ಅದೇ ಪ್ರಶ್ನೆ. ತಲೆ ಕೆಟ್ಟುಹೋಯಿತು. "ಆರಾಮ ಅದಾವವ್ವಾ, ಒಂದಕ್ಕೂ ಏನೂ ಆಗಿಲ್ಲ, ಎಲ್ಲಾ ಆರಾಮ ಅದಾವ!" ಎಂದು ಚೀರಿದೆ.

ಅವ್ವ "ಏಳುಕೋಟಿ, ಏಳುಕೋಟಿ" ಎಂದು ಖಂಡೋಬನಿಗೆ ಜಯಕಾರ ಹಾಕುತ್ತ ಕೈಮುಗಿದಳು. ಒಳಗೋಡಿ ಒಂದು ಹಿಡಿ ಸಕ್ಕರೆ ತಂದು ನನ್ನ ಬಾಯಿಗೆ ತುರುಕಿದಳು. ಆ ಗದ್ದಲಕ್ಕೆ ಗಿರೀಶನ ಬಾಗಿಲು ತೆರೆಯಿತು. ಎಷ್ಟೋ ದಿನಗಳ ಮೇಲೆ ಅವನು ನನ್ನ ಮುಖವನ್ನು ನೇರವಾಗಿ ನೋಡಿದ.

"ಅಕ್ಕಾ, ಇಲಿಗೆ ಏನ ಕೊಟ್ರಿ? ನನಗೂ ಅದನ್ನ ಕೊಡಸು."

ನಾವು ಕೊಟ್ಟಿದ್ದು ಅವನ ಕಾಯಿಲೆಯನ್ನೇ. ಇಲಿಗಳಿಗೆ ಅದು ಹತ್ತಲಿಲ್ಲ, ಅಷ್ಟೆ. ನನ್ನ ಬಾಯಿ ತುಂಬ ಸಕ್ಕರೆಯಿತ್ತು. ಡಾಕ್ಟರೇಟು ಪಡೆದ ನಾನು, ಅದು ಬೇಗ ಕರಗದಿರಲಿ ಎಂದುಕೊಂಡು ಆದಷ್ಟು ನಿಧಾನವಾಗಿ ಚಪ್ಪರಿಸುತ್ತ ನಿಂತೆ.