ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿದ ತಪ್ಪಿಗೆ

ಹಿರಿಯರ ನಿಲಯಗಳ ಸೋಂಕು ತಡೆ ಸಮಿತಿಯ ಘನ ಅಧ್ಯಕ್ಷರ ಸನ್ನಿಧಿಗೆ, ಆರು ಅಡಿ ದೂರದಿಂದಲೇ ಕೈಜೋಡಿಸಿ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ನಿಲಯದ ಅರವತ್ತೆರಡು ಜನರ ಕ್ಷೇಮವನ್ನು ತಾವೇ ಹೊತ್ತುಕೊಂಡಿರುವುದರಿಂದ ಅದರ ಬಗ್ಗೆ ನಾನು ಬರೆಯಹೊರಡುವುದು ಅಧಿಕಪ್ರಸಂಗವಾದೀತು. ನಾನು ಮೊದಲ ಮಹಡಿಯ ಒಂಬತ್ತನೇ ಕೋಣೆಯ ಎಂಬತ್ತೊಂದು ವರ್ಷದ ಮುದುಕ. ಮೂವತ್ತಾರು ವರ್ಷ ಬಸ್ ನಿಲ್ದಾಣದ ಕಿಟಕಿಯಲ್ಲಿ ಕುಳಿತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಂಡವನು. ನನ್ನ ಹೆಂಡತಿ ಇದೇ ಕಟ್ಟಡದ ನೆಲಮಹಡಿಯಲ್ಲಿ, ಮರೆವಿನ ಕಾಯಿಲೆಯವರ ವಾರ್ಡಿನಲ್ಲಿದ್ದಾಳೆ. ನಮ್ಮಿಬ್ಬರ ನಡುವೆ ಇರುವುದು ಇಪ್ಪತ್ತೆರಡು ಮೆಟ್ಟಿಲು ಮತ್ತು ತಮ್ಮ ಸುತ್ತೋಲೆ. ಮೆಟ್ಟಿಲನ್ನಾದರೆ ಮಂಡಿನೋವಿನಲ್ಲೂ ಹೇಗೋ ಇಳಿಯುತ್ತೇನೆ.

ತಮ್ಮ ಕಟ್ಟುನಿಟ್ಟನ್ನು ಹಳಿಯಲು ಈ ಪತ್ರ ಬರೆಯುತ್ತಿದ್ದೇನೆಂದು ದಯವಿಟ್ಟು ಭಾವಿಸಬಾರದು. ಈ ರೋಗ ಸುಳ್ಳೆನ್ನುವ ಜಾತಿಯವನು ನಾನಲ್ಲ. ಮೂಲೆ ಕೋಣೆಯಲ್ಲಿದ್ದ ನಿವೃತ್ತ ನರ್ಸಮ್ಮ, ನಮ್ಮೆಲ್ಲರ ಮಾತ್ರೆಗಳ ಹೊತ್ತನ್ನು ನೆನಪಿಟ್ಟುಕೊಂಡು ಗದರಿಸುತ್ತಿದ್ದವರು, ಮೊದಲ ತಿಂಗಳಲ್ಲೇ ಹೋದರು. ಅವರನ್ನು ಹೊತ್ತೊಯ್ಯುವಾಗ ಬಾಗಿಲು ತೆರೆದು ನೋಡಲಿಕ್ಕೂ ನಮಗೆ ಧೈರ್ಯವಾಗಲಿಲ್ಲ. ಅಂದಿನಿಂದ ನಾನು ಚರ್ಮ ಸುಲಿಯುವಂತೆ ಕೈ ತೊಳೆಯುತ್ತೇನೆ, ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗಲೂ ಮಾಸ್ಕು ತೆಗೆಯುವುದಿಲ್ಲ. ನನಗೆ ಭಯವಿದೆ, ಅದನ್ನು ಒಪ್ಪಿಕೊಳ್ಳಲು ನಾಚಿಕೆಯೂ ಇಲ್ಲ.

ಇನ್ನು ನನ್ನ ಅಪರಾಧದ ವಿಷಯ. ವಾರ್ಡಿನ ಬಾಗಿಲ ಬಳಿ ಸಂದರ್ಶಕರ ಪುಸ್ತಕವೊಂದನ್ನು ಇಟ್ಟು, ‘ಒಳಗೆ ಬರುವ ಪ್ರತಿಯೊಬ್ಬರೂ ಸಹಿ ಮಾಡತಕ್ಕದ್ದು’ ಎಂದು ಬರೆದು ಅಂಟಿಸಿದ್ದರು. ಪುಸ್ತಕ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಂಡತಿಗೆ ಊಟ ಮಾಡಿಸಲು ದಿನಕ್ಕೆ ಮೂರು ಸಲ ಇಳಿದಾಗಲೆಲ್ಲ, ಇಪ್ಪತ್ತು ತಿಂಗಳ ಕಾಲ, ಬಂದ ಹೊತ್ತು, ಹೋದ ಹೊತ್ತು ನಮೂದಿಸಿ ಸಹಿ ಹಾಕಿದೆ. ವಾರ್ಡಿನ ಟಿವಿ ದೊಡ್ಡದೆಂದು ದಿನಾ ಅಲ್ಲಿ ಹೋಗಿ ಕೂರುವ ನಮ್ಮ ಮಹಡಿಯ ಮೂವರು ಗೆಳೆಯರು ಒಂದು ದಿನವೂ ಪೆನ್ನು ಮುಟ್ಟಿದವರಲ್ಲ. ಐದು ತಿಂಗಳ ಹಿಂದೆ ತಮ್ಮ ಸುತ್ತೋಲೆ ಬಂತು: ಆ ಪುಸ್ತಕದಲ್ಲಿ ಹೆಸರಿರುವವರೆಲ್ಲ ಹೊರಗಿನವರು, ಅವರಿಗೆ ಪ್ರವೇಶವಿಲ್ಲ. ಪಟ್ಟಿ ಮಾಡಿದಾಗ ನನ್ನ ಹೆಸರೇ ಮೊದಲು ನಿಂತಿತು, ಸಾವಿರದ ಎಂಟುನೂರು ಸಲ. ಗೆಳೆಯರು ಒಳಗಿನವರಾಗಿ ಉಳಿದು ಇಂದಿಗೂ ಟಿವಿ ನೋಡುತ್ತಿದ್ದಾರೆ. ಐವತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡ ತನ್ನ ಹೆಂಡತಿಗೆ ಹೊರಗಿನವನೆಂಬುದನ್ನು ನನ್ನದೇ ಕೈಬರಹದಿಂದ ಸಾಬೀತುಪಡಿಸಿದ ತಮ್ಮ ಜಾಣ್ಮೆಗೆ ತಲೆಬಾಗುತ್ತೇನೆ.

ಮೇಲ್ವಿಚಾರಕಿಯವರ ಮುಂದೆ ಹಲ್ಲುಗಿಂಜಿದ್ದಾಯಿತು. ಅವರು ಪಾಪ, ಕೆಟ್ಟವರಲ್ಲ. “ನನಗೆ ಗೊತ್ತಿಲ್ವಾ ತಾತ, ನೀವು ಇಲ್ಲೇ ಇರೋರು ಅಂತ? ಆದ್ರೆ ಪಟ್ಟಿಲಿ ನಿಮ್ಮ ಹೆಸರಿದೆ. ನಿಮ್ಮನ್ನ ಒಳಗೆ ಬಿಟ್ರೆ ನನ್ನನ್ನ ಹೊರಗೆ ಕಳಿಸ್ತಾರೆ” ಎಂದರು. ಅದಾದ ಮೇಲೆ ನಾನು ಅವರನ್ನು ಪೀಡಿಸಿಲ್ಲ.

ಈಗ ನನ್ನಾಕೆಗೆ ಊಟ ಮಾಡಿಸುವುದು ಒಬ್ಬ ಆರೈಕೆಯ ಹೆಣ್ಣುಮಗಳು. ಮೂರು ಬಸ್ಸು ಬದಲಿಸಿ ದಿನಕ್ಕೆ ಮೂರು ನಿಲಯಗಳಲ್ಲಿ ದುಡಿಯುವುದರಿಂದ ಅವಳಿಗೆ ನಾವಿಟ್ಟ ಹೆಸರು ಬಸ್ಸಕ್ಕ. ಮೂರೂ ಕಡೆ ಒಂದೇ ಗೌನು, ಒಂದೇ ಮಾಸ್ಕು. ಆದರೆ ಅವಳು ಸಿಬ್ಬಂದಿಯಾದ್ದರಿಂದ ಸೋಂಕು ಅವಳ ಜೊತೆ ಪ್ರಯಾಣ ಮಾಡುವುದಿಲ್ಲವೆಂದು ತಾವು ಗೊತ್ತುಪಡಿಸಿದ್ದೀರಿ. ಕಳೆದ ತಿಂಗಳು ಮೆಟ್ಟಿಲ ಬಳಿ ಕುಸಿದು ಕೂತಿದ್ದಳು. ಏನಮ್ಮಾ ಎಂದರೆ, “ಮೈ ಬಿಸಿಯಿದೆ ತಾತ. ರಜಾ ಹಾಕಿದ್ರೆ ಸಂಬಳ ಹಿಡೀತಾರೆ, ಮಾತ್ರೆ ನುಂಗಿ ಬಂದಿದೀನಿ” ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯವನ್ನು ಕೇಳಿ ಬಲ್ಲೆ. ಇಲ್ಲಿ ಎತ್ತಿಗೆ ರಜೆಯನ್ನೂ ಕೊಡಲಿಲ್ಲ.

ಬಸ್ಸಕ್ಕನಿಗೆ ಒಂದು ಗಂಟೆಯಲ್ಲಿ ಹದಿನಾಲ್ಕು ಬಾಯಿಗೆ ಊಟ ಮಾಡಿಸಬೇಕು. ನನ್ನಾಕೆಯ ಬಾಯಿ ಸುಲಭಕ್ಕೆ ತೆರೆಯುವಂಥದಲ್ಲ. ಅವಳಿಗೆ ಮಕ್ಕಳ ಹೆಸರು ಮರೆತಿದೆ, ತನ್ನ ಹೆಸರೂ ಮರೆತಿದೆ, ನಾನು ಯಾರೆಂಬುದು ಮರೆತು ಮೂರು ವರ್ಷವಾಯಿತು. ಆದರೆ ಮದುವೆಗೆ ಮುಂಚೆ ಅವಳು ದಿನಾ ಹತ್ತುತ್ತಿದ್ದ ಬಸ್ಸಿನ ನಿಲ್ದಾಣಗಳನ್ನು ನಾನು ಒಂದೊಂದಾಗಿ ಕೂಗಿದರೆ, ಗಡಿಯಾರದ ಕಂಬ, ಹಳೇ ಸೇತುವೆ, ಹತ್ತಿ ಗಿರಣಿ, ಒಂದೊಂದು ನಿಲ್ದಾಣಕ್ಕೂ ಬಾಯಿ ತೆರೆಯುತ್ತಾಳೆ. ಹನ್ನೊಂದು ನಿಲ್ದಾಣ, ಹನ್ನೊಂದು ತುತ್ತು. ಪಟ್ಟಿಯನ್ನು ಬಸ್ಸಕ್ಕನಿಗೆ ಬರೆದುಕೊಟ್ಟೆ. ಪಾಪ, ಅವಳೂ ಕೂಗಿ ನೋಡಿದಳು, ಇವಳು ತುಟಿ ಬಿಚ್ಚಲಿಲ್ಲ. ಐದು ತಿಂಗಳಲ್ಲಿ ನಲವತ್ತಾರು ಕಿಲೋ ಇದ್ದವಳು ಮೂವತ್ತೊಂಬತ್ತಕ್ಕೆ ಇಳಿದಿದ್ದಾಳೆ. ಹೀಗೇ ಬಿಟ್ಟರೆ ಅವಳನ್ನು ಕೊಲ್ಲಲು ರೋಗವೇ ಬರಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ, ಕಳೆದ ವಾರ, ಹೊರಗಿನವರು ಯಾರಾದರೂ ಒಳಗೆ ಬರುತ್ತಿದ್ದಾರೆಯೇ ಎಂದು ಪರೀಕ್ಷಿಸಲು ತಾವು ಎಂಟು ಮಂದಿ ಸದಸ್ಯರೊಡನೆ ಒಂದೇ ವ್ಯಾನಿನಲ್ಲಿ ಹೊರಗಿನಿಂದ ಬಂದಿರಿ. ಅಂದು ಬೆಳಿಗ್ಗೆಯೇ ನಾಲ್ಕು ನಿಲಯಗಳನ್ನು ಮುಗಿಸಿ ಬಂದದ್ದೆಂದು ಚಾಲಕ ಹೆಮ್ಮೆಯಿಂದ ಹೇಳಿದ. ಒಂಬತ್ತು ಜನರಲ್ಲಿ ಒಬ್ಬರೂ ಸಹಿ ಮಾಡಲಿಲ್ಲ. ಮಾಡಿದ್ದರೆ ತಾವೂ ಸಂದರ್ಶಕರಾಗಿ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ವಾರ್ಡಿನಲ್ಲಿ ತಾವು ನನ್ನ ಹೆಂಡತಿಯ ಪಕ್ಕದಲ್ಲೇ ಕುಳಿತು, ಫೋಟೋದಲ್ಲಿ ಮುಖ ಕಾಣಲೆಂದು ಮಾಸ್ಕನ್ನು ಗಲ್ಲಕ್ಕಿಳಿಸಿ, ಚಮಚ ಹಿಡಿದು “ಆ... ಅನ್ನಮ್ಮಾ” ಎಂದಿರಂತೆ. ಅವಳು ‘ಆ’ ಅನ್ನಲಿಲ್ಲ. ತಾವೇ ಎರಡು ಸಲ ಕೆಮ್ಮಿ ಎದ್ದಿರಂತೆ. ಆಮೇಲೆ ಮಹಡಿ ಹತ್ತಿ ಬಂದು, ತಕರಾರಿಲ್ಲದೆ ನಿಯಮ ಪಾಲಿಸುವ ಮಾದರಿ ಹಿರಿಯರೆಂದು ನನ್ನ ಎರಡೂ ಕೈ ಹಿಡಿದು ಕುಲುಕಿದಿರಿ. ಐದು ತಿಂಗಳಲ್ಲಿ ನನ್ನನ್ನು ಮುಟ್ಟಿದ ಮೊದಲ ಮನುಷ್ಯರು ತಾವು. ನಿಜ ಹೇಳಬೇಕೆಂದರೆ ಆ ಕ್ಷಣಕ್ಕೆ ಹಿತವೇ ಆಯಿತು.

ಆದ್ದರಿಂದ ತಮ್ಮ ಔದಾರ್ಯವನ್ನು ನಂಬಿ ಬೇಡಿಕೊಳ್ಳುವುದೇನೆಂದರೆ, ನನ್ನನ್ನು ತಮ್ಮ ಸಮಿತಿಯ ಹತ್ತನೇ ಸದಸ್ಯನನ್ನಾಗಿ ನೇಮಿಸಿ, ದಿನಕ್ಕೆ ಮೂರು ಹೊತ್ತು ಒಬ್ಬಳೇ ಹೆಂಗಸನ್ನು ತಪಾಸಣೆ ಮಾಡುವ ಕೆಲಸ ವಹಿಸಬೇಕು. ಅದು ಆಗದಿದ್ದರೆ ನನ್ನನ್ನು ಊಟದ ಗಾಡಿ ಎಂದೋ ನೆಲ ಒರೆಸುವ ಬಕೆಟ್ಟು ಎಂದೋ ಘೋಷಿಸಬೇಕು, ಅವೆರಡೂ ತಡೆಯಿಲ್ಲದೆ ಒಳಗೆ ಹೋಗುತ್ತವೆ. ಅದಕ್ಕೂ ನಿಯಮ ಅಡ್ಡಬಂದರೆ, ಮಹಾಮಾರಿ ತೀರುವವರೆಗೆ ಹಸಿವನ್ನು ಮುಂದೂಡುವಂತೆ ನನ್ನ ಹೆಂಡತಿಗೆ ಒಂದು ಸುತ್ತೋಲೆ ಕಳಿಸಬೇಕು. ಇವೆಲ್ಲ ಹೆಚ್ಚಾಯಿತೆಂದು ಕಂಡರೆ ಒಂದು ಚಿಕ್ಕ ಕೋರಿಕೆಯಿದೆ: ಬಸ್ಸಕ್ಕನಿಗೆ ಒಂದೇ ನಿಲಯದ ಕೆಲಸ ಕೊಟ್ಟು, ಜ್ವರ ಬಂದ ದಿನ ಸಂಬಳ ಹಿಡಿಯದೆ ಮನೆಗೆ ಕಳಿಸಿ, ವ್ಯಾನಿನಲ್ಲಿ ಬರುವವರೂ ಸೇರಿ ಒಳಗೆ ಕಾಲಿಡುವ ಎಲ್ಲರಿಗೂ ಪರೀಕ್ಷೆ ಮಾಡಿಸಿ, ನನಗೂ ಮಾಡಿಸಿ, ಗೌನು ತೊಡಿಸಿ, ಕೈಗವಸು ಹಾಕಿಸಿ, ಹನ್ನೊಂದು ತುತ್ತು ಮುಗಿಯುವವರೆಗೆ ಒಳಗೆ ಬಿಡಿ. ಇಷ್ಟು ಸಣ್ಣ ವಿಷಯ ತಮ್ಮಂಥ ದೊಡ್ಡವರ ಕಣ್ಣಿಗೆ ಬೀಳಲಿಲ್ಲವೆಂದು ನಾನೇನೂ ಬೇಸರ ಮಾಡಿಕೊಂಡಿಲ್ಲ.

ತಮ್ಮ ರಕ್ಷಣೆಯಲ್ಲಿ ದಿನೇ ದಿನೇ ಹಗುರವಾಗುತ್ತಿರುವವಳ ಗಂಡ, ಈ ಕ್ಷಣದವರೆಗೂ ತಮ್ಮ ವಿಶ್ವಾಸಿ,

ಒಂಬತ್ತನೇ ಕೋಣೆಯ ಹೊರಗಿನವನು

ಮರೆತ ಮಾತು: ಮೇಲಿನದನ್ನು ಸೋಮವಾರ ಬರೆದು ಮುಗಿಸಿದ್ದೆ. ಮಂಗಳವಾರ ಎಲ್ಲರ ಮೂಗಿಗೂ ಕಡ್ಡಿ ಹಾಕಿದರು. ವಾರ್ಡಿನಲ್ಲಿ ಎಂಟು ಮಂದಿಗೆ ಸೋಂಕು, ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು, ಮಹಡಿಯಲ್ಲಿ ನನಗೊಬ್ಬನಿಗೆ. ಯಾರಿಂದ ಬಂತೆಂದು ಹೇಳುವಷ್ಟು ವಿದ್ಯೆ ನನಗಿಲ್ಲ. ಸೋಂಕಿತರನ್ನೆಲ್ಲ ಒಂದೇ ಕಡೆ ಇಡಬೇಕೆಂದು ತಮ್ಮ ಸುತ್ತೋಲೆಯ ಹದಿನಾಲ್ಕನೇ ನಿಯಮ ಹೇಳುತ್ತದಂತೆ, ಹಾಗಾಗಿ ಇಬ್ಬರು ತೋಳು ಹಿಡಿದು ನನ್ನನ್ನು ಕೆಳಗಿಳಿಸಿ ಅವಳ ಪಕ್ಕದ ಹಾಸಿಗೆಗೆ ತಂದುಬಿಟ್ಟಿದ್ದಾರೆ. ಐದು ತಿಂಗಳು ಕಾದರೂ ಆಗದ ಕೆಲಸ ಒಂದು ಜ್ವರದಿಂದ ಆಯಿತು. ಅವಳಿಗೆ ಆಮ್ಲಜನಕದ ಕೊಳವೆ ಹಾಕಿದ್ದಾರೆ. ಅದನ್ನು ಅಲುಗಿಸದೆ ತುತ್ತು ಕೊಡುವುದನ್ನು ಕಲಿಯುತ್ತಿದ್ದೇನೆ. ನಿನ್ನೆ ನಾಲ್ಕು ತಿಂದಳು, ಇವತ್ತು ಎರಡು. ಗುಣವಾದವರನ್ನು ಅವರವರ ಮಹಡಿಗೆ ವಾಪಸು ಕಳಿಸುವ ನಿಯಮವೂ ಇದೆಯಂತೆ, ಆದ್ದರಿಂದ ವೈದ್ಯರು ಹೇಗಿದ್ದೀರಿ ಎಂದು ಕೇಳಿದಾಗಲೆಲ್ಲ ನಾನು ನರಳುತ್ತೇನೆ. ತಮಗೂ ಸೋಂಕು ತಗುಲಿ ಮನೆಯಲ್ಲೇ ವಿಶ್ರಾಂತಿಯಲ್ಲಿದ್ದೀರೆಂದು, ಶ್ರೀಮತಿಯವರು ಹಗಲೆಲ್ಲ ಪಕ್ಕದಲ್ಲೇ ಕುಳಿತು ಊಟ ಮಾಡಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಅವರನ್ನು ಯಾರೂ ತಡೆಯದಿರಲಿ.