ಕಂಪ್ಯೂಟರಿಗೆ ಹುಚ್ಚು ಹಿಡಿಯಿತೆ?

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ನಾನು ಬರೆದಿಡದ ವಿಷಯವಿಲ್ಲ. ಹಾಲು ಒಡೆದ ದಿನ, ಎಮ್ಮೆ ಈದ ದಿನ, ನಾದಿನಿ ಬಂದ ದಿನ, ನಾದಿನಿ ಹೊರಟ ದಿನ. ಕೊನೆಯದಕ್ಕೆ ಕೆಂಪು ಶಾಯಿ! ಇಂಥ ನನಗೆ ಮಗಳು ವಸಂತಳ ಜಾತಕ ಮಾಡಿಸುವುದು ಎಷ್ಟರ ಕೆಲಸ?

ಬೇಲೂರಿನಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ. ವಸಂತಳಿಗೂ ಒಪ್ಪಿಗೆ. ಬಾಯಿಬಿಟ್ಟು ಹೇಳಲಿಲ್ಲ, ಎರಡು ದಿನದಿಂದ ಹೇಳಿಸಿಕೊಳ್ಳದೆ ಪಾತ್ರೆ ತೊಳೆಯುತ್ತಿದ್ದಳು. ಅವರು ಕೇಳಿದ್ದು ಜಾತಕ ಒಂದನ್ನೇ. ನಮ್ಮಲ್ಲಿದ್ದದ್ದನ್ನು ಗೆದ್ದಲು ತಿಂದಿತ್ತು.

ಆಗಷ್ಟೇ ನಮ್ಮ ಅರಸೀಕೆರೆಗೆ ಕಂಪ್ಯೂಟರ್ ಜಾತಕದ ಅಂಗಡಿ ಬಂದಿತ್ತು. ಫಾರಂ ತುಂಬುತ್ತಾ ಹೋದವಳು 'ಹುಟ್ಟಿದ ವೇಳೆ' ಎಂಬಲ್ಲಿ ನಿಂತೆ. ನೆನಪಿದ್ದದ್ದು ಇಷ್ಟೇ: ಮಗು ಅತ್ತಾಗ ಸ್ಟೇಷನ್ನಿನಲ್ಲಿ ಮೈಲುಗಾಡಿ ಕೂಗಿತ್ತು. ನಮ್ಮೂರಿನಲ್ಲಿ ಹುಟ್ಟು, ಸಾವು, ಸಾರಿನ ಒಗ್ಗರಣೆ ಎಲ್ಲವೂ ರೈಲಿನ ಪ್ರಕಾರವೇ. 'ಬೆಳಿಗ್ಗೆ ಮೈಲುಗಾಡಿ ಬಂದಾಗ' ಎಂದು ದುಂಡಗೆ ಬರೆದೆ. ಅಂಥ ಯಂತ್ರಕ್ಕೆ ಗಾಡಿಯ ಹೊತ್ತು ಗೊತ್ತಿರುವುದಿಲ್ಲವೆ!

ಗುರುವಾರ ಹುಡುಗನ ತಂದೆಯೂ ಸೋದರತ್ತೆಯೂ ಬಂದರು. ಅದೇ ಬೆಳಿಗ್ಗೆ ಕೈಸೇರಿದ್ದ ಉದ್ದನೆಯ ಕಾಗದವನ್ನು ನಮ್ಮ ಯಜಮಾನರು ಅವರೆದುರೇ ಬಿಚ್ಚಿ ಓದಿದರು. "ಜನನ, ರಾತ್ರಿ ಹನ್ನೆರಡು ಗಂಟೆ, ಸೊನ್ನೆ ನಿಮಿಷ. ಅಷ್ಟಮದಲ್ಲಿ ಕುಜ."

ಕುಜದೋಷ! ತಿಂಡಿಯ ತಟ್ಟೆ ತರುತ್ತಿದ್ದ ವಸಂತ ಬಾಗಿಲಲ್ಲೇ ನಿಂತಳು. ಸೋದರತ್ತೆ ಕಾಫಿಯ ಲೋಟ ಕೆಳಗಿಟ್ಟರು.

"ಕಂಪ್ಯೂಟರ್ ಸುಳ್ಳು ಹೇಳಿದೆ!" ಎಂದೆ.

"ಸುಳ್ಳು ಹೇಳ್ಬೇಕಾದ್ರೆ ನಿಜ ಗೊತ್ತಿರ್ಬೇಕು ಕಣೇ," ಎಂದರು ಯಜಮಾನರು. ಹೈಸ್ಕೂಲ್ ಮೇಷ್ಟ್ರು, ಮನೆಗೆ ಬೆಂಕಿ ಬಿದ್ದರೂ ಮೊದಲು ತಪ್ಪು ತಿದ್ದುವವರು.

"ಹಾಗಾದ್ರೆ ಹುಚ್ಚು ಹಿಡಿದಿದೆ."

"ಹುಚ್ಚು ಹಿಡಿಯೋಕೆ ಮೊದ್ಲು ಬುದ್ಧಿ ಇರ್ಬೇಕು."

"ಗಾಳಿ ಸೋಕಿರುತ್ತೆ ಕಣ್ರೋ, ಒಂದು ನಿಂಬೆಹಣ್ಣು ನಿವಾಳಿಸಿ," ಎಂದು ಒಳಗಿನಿಂದ ನಮ್ಮ ಅತ್ತೆ ಕೂಗಿದರು.

ಯಜಮಾನರು ಸೈಕಲ್ ಹತ್ತಿ ಹೋಗಿ ಅಂಗಡಿಯವನನ್ನೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು.

"ಅಮ್ಮಾ, ಅದು ಕೇಳೋದು ಗಂಟೆ. ನೀವು ಬರೆದದ್ದು ಗಾಡಿ, ಅದು ಬರೋದು ದಿನಕ್ಕೊಂದು ಹೊತ್ತಿಗೆ. ನಾನು ಖಾಲಿ ಬಿಟ್ಟೆ, ಅದು ಸೊನ್ನೆ ಅಂದ್ಕೊಳ್ತು. ಸೊನ್ನೆ ಅಂದ್ರೆ ಅದಕ್ಕೆ ರಾತ್ರಿ ಹನ್ನೆರಡು," ಎಂದ ಅವನು.

"ಗೊತ್ತಿಲ್ಲ ಅಂತ ಅದು ಹೇಳ್ಬಾರ್ದಿತ್ತಾ?" ಎಂದೆ.

"ಗೊತ್ತಿಲ್ಲ ಅನ್ನೋದು ಅದಕ್ಕೆ ಗೊತ್ತಾದ್ರೆ ತಾನೇ?"

ಹುಡುಗನ ತಂದೆ ಪಾಪ ಒಳ್ಳೆಯವರು. "ಮಿಷನ್ ಕಥೆ ಬಿಡಿ. ಹೆತ್ತ ತಾಯಿ ನೀವಿದ್ದೀರಲ್ಲಾ, ನೀವೇ ಹೇಳಿ. ಮಗು ಹುಟ್ಟಿದ್ದು ಎಷ್ಟು ಹೊತ್ತಿಗೆ?"

ಎಲ್ಲರೂ ನನ್ನ ಮುಖ ನೋಡಿದರು. ವಸಂತಳೂ ನೋಡಿದಳು.

"ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷ," ಎಂದೆ.

"ನೋಡಿ, ತಾಯಿ ಬಾಯಿಂದ ಬರೋ ಮಾತೇ ಬೇರೆ!" ಎಂದು ಅವರು ಸಂತೋಷದಿಂದ ಬರೆದುಕೊಂಡು ಬೇಲೂರಿನ ಬಸ್ಸು ಹಿಡಿದರು.

ಅವರು ಬೀದಿ ತಿರುಗುವುದೇ ತಡ, ಯಜಮಾನರು ಹಿಡಿದುಕೊಂಡರು. "ಆರು ಹದಿನೇಳು ಎಲ್ಲಿಂದ ಬಂತು?"

"ಬಾಯಿಗೆ ಬಂತು."

"ಸುಳ್ಳು ಹೇಳಿದ್ಯಾ?"

"ಇಲ್ಲ ಕಣ್ರೀ. ಹೇಳುವಾಗ ನಿಜ ಅಂತಾನೇ ಅನ್ನಿಸ್ತು."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಮಿಷನ್ನಾದ್ರೂ ಸೊನ್ನೆಗೆ ಸುಮ್ಮನಾಯ್ತು. ನೀನು ಹದಿನೇಳು ನಿಮಿಷ ಬೇರೆ ಸೇರಿಸಿದ್ಯಲ್ಲೇ!"

ಎಂಟು ದಿನ ಬೇಲೂರಿನ ಉತ್ತರಕ್ಕೆ ಕಾದೆ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಒಲೆಯ ಮೇಲಿನದನ್ನು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಒಂಬತ್ತನೆಯ ದಿನ ಕಾರ್ಡು ಬಂತು: ಜಾತಕ ಚೆನ್ನಾಗಿ ಕೂಡಿದೆ, ದೋಷ ಏನೂ ಇಲ್ಲ, ಮುಂದಿನ ಮಾತಿಗೆ ಬನ್ನಿ.

ಹೀಗೆ, ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷಕ್ಕೆ ಹುಟ್ಟಿದ ಯಾರೋ ಒಬ್ಬ ಹುಡುಗಿಗೆ ಮದುವೆ ಗಟ್ಟಿಯಾಯಿತು. ನನ್ನ ಮಗಳು ಹುಟ್ಟಿದ್ದು ಎಷ್ಟು ಹೊತ್ತಿಗೋ, ನನಗಿನ್ನೂ ಗೊತ್ತಿಲ್ಲ!